ನೆರವು ತಗೊಳ್ಳೋದಕ್ಕೂ ತಯಾರಿ ಬೇಕು

ನೆರವು ಕೊಡೋ ವಿಷಯದಲ್ಲಿ ನಮ್ಮ ದೇಶ ಈಗ ಯಾರಿಗೂ ಕಡಿಮೆಯಿಲ್ಲ. 2015ರಲ್ಲಿ ನೇಪಾಳ, 2023ರಲ್ಲಿ ಟರ್ಕಿ, ಎರಡು ಕಡೆಗೂ ಭೂಕಂಪವಾದಾಗ ನಮ್ಮ ಎನ್‌ಡಿಆರ್‌ಎಫ್ (ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ) ತಂಡಗಳು ಬೇಗ ಹೋದವು. ಟರ್ಕಿಯ ಇಸ್ಕೆಂದೆರುನ್‌ನಲ್ಲಿ ನಮ್ಮ ಸೇನೆ ಆಸ್ಪತ್ರೆಯನ್ನೇ ತೆರೆಯಿತು. ದೂರದಲ್ಲಿ ಕೂತು ಅದನ್ನೆಲ್ಲ ನೋಡಿ ಹೆಮ್ಮೆಪಟ್ಟವನು ನಾನು. ಆದರೆ ನಾವೇ ಕಷ್ಟದಲ್ಲಿದ್ದಾಗ, ಬಂದ ನೆರವನ್ನು ತಗೊಳ್ಳೋದು ಹೇಗೆ ಅನ್ನೋದರಲ್ಲಿ ಗೊಂದಲ ಇನ್ನೂ ಜಾಸ್ತಿ. ನಾನಿರುವುದು ಜಪಾನಿನ ಕೋಬೆಯಲ್ಲಿ. ಈ ಊರು ಆ ಪಾಠವನ್ನು ಜೀವ ತೆತ್ತು ಕಲಿತಿದೆ.

1995ರ ಜನವರಿ 17ರ ಬೆಳಗಿನ ಜಾವ 5.46ಕ್ಕೆ ಇಲ್ಲಿ ಭೂಮಿ ನಡುಗಿತು. ಸತ್ತವರು 6,434 ಜನ. ಆಗ ಸೇನೆ ಬರಬೇಕಾದರೆ ಪ್ರಾಂತ್ಯದ ಗವರ್ನರ್ ಕೇಳಿಕೊಳ್ಳಬೇಕಿತ್ತು. ಇಲ್ಲಿ ಗವರ್ನರ್ ಅಂದರೆ ಜನ ಆರಿಸಿದವರು, ನಮ್ಮ ಮುಖ್ಯಮಂತ್ರಿಗಳ ಹಾಗೆ. ಆ ಕೋರಿಕೆ ಹೋಗುವಾಗ ಬೆಳಗಿನ ಹತ್ತು ಗಂಟೆಯಾಗಿತ್ತು. ಸ್ವಿಟ್ಜರ್ಲೆಂಡ್ ತನ್ನ ಶೋಧ ನಾಯಿಗಳನ್ನು ಕಳಿಸುತ್ತೇನೆ ಅಂದಾಗ ಅವುಗಳಿಗೆ ಕ್ವಾರಂಟೈನ್ ನಿಯಮ ಅಡ್ಡ ಬಂತು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಹೊರಗಿನವರು ಬಂದರೆ ಏನು ಮಾಡಬೇಕು ಅಂತ ಮೊದಲೇ ಯಾರೂ ಯೋಚಿಸಿರಲಿಲ್ಲ, ಅಷ್ಟೇ.

2011ರ ಸುನಾಮಿ ಹೊತ್ತಿಗೆ ಜಪಾನ್ ಬದಲಾಗಿತ್ತು. ಅನೇಕ ದೇಶಗಳ ತಂಡಗಳನ್ನು ಬರಮಾಡಿಕೊಂಡಿತು. ನಮ್ಮ ಎನ್‌ಡಿಆರ್‌ಎಫ್‌ನ 46 ಜನ ಒನಾಗಾವಾ ಪಟ್ಟಣದ ಅವಶೇಷಗಳಲ್ಲಿ ಹುಡುಕಾಟ ನಡೆಸಿದರು. ಆ ಪಡೆ ಹೊರದೇಶಕ್ಕೆ ಹೋದದ್ದು ಅದೇ ಮೊದಲು.

ನನಗೆ ಇನ್ನೂ ಮುಖ್ಯ ಅನಿಸುವುದು ದೇಶದ ಒಳಗೇ ನಡೆದ ಕೆಲಸ. ಕೋಬೆ ಇರುವ ಈ ಕನ್ಸಾಯ್ ಭಾಗದ ಮತ್ತು ಅಕ್ಕಪಕ್ಕದ ಪ್ರಾಂತ್ಯಗಳು, ಸುನಾಮಿಗೆ ಸಿಕ್ಕ ಮೂರು ಪ್ರಾಂತ್ಯಗಳಿಗೆ ನೆರವಾಗುವ ಜವಾಬ್ದಾರಿಯನ್ನು ಎರಡೇ ದಿನದಲ್ಲಿ ಹಂಚಿಕೊಂಡವು. ಮಿಯಾಗಿಗೆ ಹ್ಯೋಗೊ, ತೊಕುಶಿಮಾ ಮತ್ತು ತೊತ್ತೊರಿ. ಇವಾತೆಗೆ ಒಸಾಕಾ ಮತ್ತು ವಾಕಾಯಾಮಾ. ಫುಕುಶಿಮಾಗೆ ಕ್ಯೋಟೊ ಮತ್ತು ಶಿಗಾ. ಎಲ್ಲರೂ ಒಂದೇ ಕಡೆ ಮುಗಿಬೀಳಲಿಲ್ಲ, ಯಾರ ಕಣ್ಣಿಗೂ ಬೀಳದೆ ಉಳಿದ ಪ್ರಾಂತ್ಯ ಇರಲಿಲ್ಲ. ಅಕ್ಕಿ, ಕಂಬಳಿ ಮಾತ್ರ ಅಲ್ಲ, ಕಚೇರಿ ಸಿಬ್ಬಂದಿಯನ್ನೂ ಕಳಿಸುತ್ತಾರೆ. ಮನೆ ಎಷ್ಟು ಹಾಳಾಗಿದೆ ಅಂತ ನೋಡಿ ಸರ್ಟಿಫಿಕೇಟ್ ಕೊಡುವ ಗುಮಾಸ್ತರು, ನರ್ಸ್‌ಗಳು, ನೀರಿನ ಪೈಪ್ ರಿಪೇರಿಯವರು. ಈಗ ಇದೇ ರೀತಿ ಇಡೀ ದೇಶದಲ್ಲಿ ಪದ್ಧತಿಯಾಗಿದೆ.

ನಮ್ಮಲ್ಲಿ ನೆರೆ ಇಳಿದ ಮೇಲೆ ಏನಾಗುತ್ತದೆ ಯೋಚಿಸಿ. ಮನೆಗಳನ್ನು ಎ, ಬಿ, ಸಿ ಅಂತ ವಿಂಗಡಿಸಿ ಬರೆದುಕೊಳ್ಳುವ ಕೆಲಸ ಅದೇ ಊರಿನ ಗ್ರಾಮ ಆಡಳಿತ ಅಧಿಕಾರಿಗಳ (ಮೊದಲು ಗ್ರಾಮ ಲೆಕ್ಕಿಗರು ಅನ್ನುತ್ತಿದ್ದೆವು) ತಲೆ ಮೇಲೆ. ಅವರ ಮನೆಗೂ ನೀರು ನುಗ್ಗಿರಬಹುದು ಅಲ್ವಾ? ಪಕ್ಕದ ಜಿಲ್ಲೆಯಿಂದ ಒಂದಷ್ಟು ಜನ ಬಂದು ಆ ಪಟ್ಟಿ ಮಾಡಿಕೊಟ್ಟರೆ ಕಾಳಜಿ ಕೇಂದ್ರದಲ್ಲಿ ಕೂತ ಕುಟುಂಬಕ್ಕೆ ಪರಿಹಾರ ಎಷ್ಟೋ ಬೇಗ ಸಿಗುತ್ತದೆ.

ರಾಜ್ಯ-ರಾಜ್ಯಗಳ ನಡುವಿನ ಸಂಗತಿ ಇನ್ನೂ ಬೇಸರದ್ದು. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿಯಿತು. ಕೆಲವೇ ದಿನದಲ್ಲಿ ಸಿದ್ದರಾಮಯ್ಯನವರು ಕರ್ನಾಟಕ 100 ಮನೆ ಕಟ್ಟಿಸಿಕೊಡುತ್ತದೆ ಅಂದರು. ಒಳ್ಳೆಯ ಮಾತು. ಡಿಸೆಂಬರ್‌ನಲ್ಲಿ ಅವರೇ ಕೇರಳದ ಮುಖ್ಯಮಂತ್ರಿಗೆ ಪತ್ರ ಬರೆದು, ನಿಮ್ಮಿಂದ ಇನ್ನೂ ಉತ್ತರ ಬಂದಿಲ್ಲ, ಬೇಕಾದರೆ ಜಾಗವನ್ನೂ ನಾವೇ ಕೊಳ್ಳುತ್ತೇವೆ ಅನ್ನಬೇಕಾಯಿತು. ತಪ್ಪು ಯಾರದು ಅಂತ ಜಗಳ ಆಡಬಹುದು, ಆಡಿದರು ಕೂಡ. ನನ್ನ ಪ್ರಕಾರ, ಇಂಥ ಮಾತುಕತೆಗೆ ಮೊದಲೇ ಒಂದು ದಾರಿ ಇಲ್ಲದ್ದೇ ತಪ್ಪು.

2018ರ ಕೇರಳ ಪ್ರವಾಹದಲ್ಲೂ ಹೀಗೇ ಆಯಿತು. ಯುಎಇಯಿಂದ 700 ಕೋಟಿ ಬರುತ್ತದೆ ಅಂತ ಕೇರಳದ ಮುಖ್ಯಮಂತ್ರಿ, ಮೊತ್ತವೇ ಗೊತ್ತುಮಾಡಿಲ್ಲ ಅಂತ ಯುಎಇ ರಾಯಭಾರಿ. ವಿದೇಶಿ ಸರ್ಕಾರಗಳ ದುಡ್ಡು ಬೇಡ ಅಂತ ದೆಹಲಿ. ನಮ್ಮದೇ 2016ರ ರಾಷ್ಟ್ರೀಯ ವಿಪತ್ತು ನಿರ್ವಹಣಾ ಯೋಜನೆ, ನಾವಾಗಿ ನೆರವು ಕೇಳೋದಿಲ್ಲ, ಯಾರಾದರೂ ಸೌಹಾರ್ದದಿಂದ ಕೊಟ್ಟರೆ ಒಪ್ಪಬಹುದು ಅನ್ನುತ್ತದೆ. ಆಮೇಲೆ 2021ರ ಕೋವಿಡ್ ಅಲೆಯಲ್ಲಿ ಹೊರದೇಶಗಳ ಆಕ್ಸಿಜನ್ ಯಂತ್ರಗಳನ್ನು ತಗೊಂಡೆವು. ತಗೊಂಡದ್ದು ಸರಿಯೇ. ಸ್ವಾಭಿಮಾನಕ್ಕೆ ಅದರಿಂದ ಕುಂದೇನೂ ಬರಲಿಲ್ಲ. ಯಾವಾಗ ಒಪ್ಪುತ್ತೇವೆ, ಯಾವಾಗ ಇಲ್ಲ ಅನ್ನೋದು ಮಾತ್ರ ಇನ್ನೂ ಸ್ಪಷ್ಟವಾಗಬೇಕು.

ದೆಹಲಿಯ ಮಟ್ಟದಲ್ಲಿ ಇದು ಸುಲಭ ಅಲ್ಲ, ಒಪ್ಪುತ್ತೇನೆ. ಗಡಿ ಜಿಲ್ಲೆಗಳಲ್ಲಿ ಶುರು ಮಾಡಬಹುದಲ್ಲ. ಕೊಡಗು, ಮೈಸೂರು, ಚಾಮರಾಜನಗರದ ಜಿಲ್ಲಾಧಿಕಾರಿಗಳೂ ವಯನಾಡು, ಕಣ್ಣೂರಿನ ಕಲೆಕ್ಟರ್‌ಗಳೂ ಮಳೆಗಾಲಕ್ಕೆ ಮುಂಚೆ ಒಂದು ದಿನ ಒಟ್ಟಿಗೆ ಕೂರಲಿ. ರಾತ್ರಿ ಬಂಡೀಪುರದ ರಸ್ತೆಯಲ್ಲಿ ವಾಹನ ಸಂಚಾರ ನಿಷೇಧ ಇದೆ, ಜೆಸಿಬಿ ಹೊತ್ತ ಲಾರಿ ಆ ಹೊತ್ತಲ್ಲಿ ಗಡಿ ದಾಟಬೇಕಾದರೆ ಯಾರಿಗೆ ಫೋನ್ ಮಾಡಬೇಕು? ಗಾಯಾಳುಗಳಿಗೆ ಮೈಸೂರಿನಲ್ಲಿ ಎಷ್ಟು ಹಾಸಿಗೆ? ಕನ್ನಡ, ಮಲಯಾಳ ಎರಡೂ ಬಲ್ಲ ಸಿಬ್ಬಂದಿ ಯಾರ್ಯಾರು? ಈ ಹೆಸರು, ನಂಬರುಗಳು ಎರಡೂ ಕಡೆಯ ಕಂಟ್ರೋಲ್ ರೂಮಿನ ಗೋಡೆ ಮೇಲೆ ಇರಬೇಕು. ಇದಕ್ಕೆ ಹೊಸ ಕಾಯ್ದೆಯೂ ಬೇಡ, ಕೋಟಿಗಟ್ಟಲೆ ದುಡ್ಡೂ ಬೇಡ. ಇಬ್ಬರು ಮುಖ್ಯಮಂತ್ರಿಗಳು ಮನಸ್ಸು ಮಾಡಿದರೆ ಬರುವ ಜೂನ್ ಒಳಗೆ ಆಗುವ ಕೆಲಸ.