ಎಲ್‌ಇಡಿ ಬಲ್ಬಿಗೆ ದಂಡವೂ ಇಲ್ಲ, ಬಿಲ್ಲೂ ಏರುವುದಿಲ್ಲ

‘ಎಲ್‌ಇಡಿ, ಕಂಪ್ಯೂಟರ್‌ಗಳ ಹಾರ್ಮೋನಿಕ್ ಕರೆಂಟಿನಿಂದ ಬಿಲ್ ಏರುತ್ತದೆ. ಮನೆಗೂ ದಂಡ ಬೀಳುತ್ತದೆ. ಫಿಲ್ಟರ್ ಪ್ಲಗ್ ಕೊಳ್ಳಿ.’ ಹುಬ್ಬಳ್ಳಿ-ಧಾರವಾಡದ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿರುವ ಮಾತಿದು. ಹಾರ್ಮೋನಿಕ್ ಇರುವುದು ನಿಜ. ಉಳಿದದ್ದು ವ್ಯಾಪಾರ.

ನಮಗೆ ಬರುವುದು 50 ಹರ್ಟ್ಸ್ ಕರೆಂಟು. ಚಾರ್ಜರ್, ಅಗ್ಗದ ಎಲ್‌ಇಡಿಗಳು ಅದನ್ನು ಒಂದೇ ಸಮನೆ ಎಳೆಯುವುದಿಲ್ಲ, ಅಲೆಯ ತುದಿಯಲ್ಲಿ ಗಬಕ್ಕನೆ ನುಂಗುತ್ತವೆ. ಆಗ 150, 250 ಹರ್ಟ್ಸ್ ಕರೆಂಟೂ ಸೇರಿಕೊಳ್ಳುತ್ತದೆ, ಇದೇ ಹಾರ್ಮೋನಿಕ್. ಈ 150ರದ್ದೇ ಕಿರಿಕಿರಿ ಜಾಸ್ತಿ. ಮೂರು ಫೇಸ್‌ನದೂ ನ್ಯೂಟ್ರಲ್‌ನಲ್ಲಿ (ಕರೆಂಟು ಮರಳುವ ವೈರಿನಲ್ಲಿ) ಒಂದನ್ನೊಂದು ಕಳೆಯದೆ ಕೂಡಿಕೊಳ್ಳುತ್ತದೆ. ಕಂಪ್ಯೂಟರ್ ತುಂಬಿದ ಹಳೆಯ ಕಟ್ಟಡದಲ್ಲಿ ಮೇನ್ ಬೋರ್ಡ್ ಬಿಚ್ಚಿಸಿದರೆ, ಫೇಸ್ ವೈರುಗಳು ಚೆನ್ನಾಗಿದ್ದು ನ್ಯೂಟ್ರಲ್ ಜಾಯಿಂಟಿನ ಪ್ಲಾಸ್ಟಿಕ್ ಮಾತ್ರ ಕಂದಿರಬಹುದು. ಟ್ರಾನ್ಸ್‌ಫಾರ್ಮರ್ ಕೂಡ ಬಿಸಿಯಾಗುತ್ತದೆ.

ಆದರೆ ಮನೆಯ ಬಿಲ್ ಬರುವುದು ಯೂನಿಟ್ ಲೆಕ್ಕದಲ್ಲಿ. ಹಾರ್ಮೋನಿಕ್‌ನಿಂದ ಅದು ಏರುವುದು ಇಲ್ಲವೆನ್ನುವಷ್ಟು ಕಡಿಮೆ. ಸುಮ್ನೆ ಪ್ಲಗ್‌ಗೆ ದುಡ್ಡು ಹಾಕಬೇಡಿ.

ನಿಯಮ ಯಾರ ಮೇಲೆ? ಐಇಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 61000-3-2 ಎಂಬ ಹಾರ್ಮೋನಿಕ್ ಮಾನದಂಡ ಫೇಸ್‌ಗೆ 16 ಆಂಪಿಯರ್‌ವರೆಗಿನ ಉಪಕರಣಗಳಿಗೆ. ಪಾಲಿಸಬೇಕಾದವರು ತಯಾರಕರು, ಕೊಂಡವರಲ್ಲ. ದೊಡ್ಡ ಕಾರ್ಖಾನೆಗಳಿಗೆ ಬೇರೆ ಮಿತಿ ಇದೆ, ಅದನ್ನು ಲೈನ್ ಸೇರುವ ಜಾಗದಲ್ಲಿ ಅಳೆಯುತ್ತಾರೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕೆಯವರು ಕೇಳಿಕೊಳ್ಳಬೇಕಾದ ವಿಷಯ ಅದು.

ಪ್ರತಿ ಉಪಕರಣಕ್ಕೂ ಹಾರ್ಮೋನಿಕ್ ತಗ್ಗಿಸುವ ಸರ್ಕ್ಯೂಟ್ ಸೇರಿಸಿದರೆ ಬೆಲೆ ಏರುತ್ತದೆ, ಟ್ರಾನ್ಸ್‌ಫಾರ್ಮರ್ ಹತ್ತಿರ ಒಮ್ಮೆ ಸರಿಪಡಿಸಿದರೆ ಸಾಲದೇ ಎಂಬ ವಾದವೂ ಇದೆ. ನನಗದು ಒಪ್ಪಿಗೆಯಿಲ್ಲ. ಅಲ್ಲಿ ಫಿಲ್ಟರ್ ಕೂರಿಸಿದರೂ ಕಟ್ಟಡದೊಳಗಿನ ನ್ಯೂಟ್ರಲ್ ಬಿಸಿಯಾಗುವುದು ತಪ್ಪುವುದಿಲ್ಲ ಅಲ್ವಾ?