ಫಣಿಯಮ್ಮನದು ಬರೀ ಸಹನೆಯಲ್ಲ

'ಫಣಿಯಮ್ಮ' ಕಾದಂಬರಿಯ ಕುರಿತ ಲೇಖನವೊಂದರಲ್ಲಿ ಅದು ಸಹನೆಯ ಗೆಲುವಿನ ಕಥೆ ಎಂದು ಬರೆದಿರುವುದನ್ನು ನಾನು ಒಪ್ಪುವುದಿಲ್ಲ. ನಿಜವಾಗಿ ಬಾಳಿದ್ದ ಬಾಲವಿಧವೆಯೊಬ್ಬರ ಬದುಕನ್ನು ಎಂ.ಕೆ. ಇಂದಿರಾ 1976ರಲ್ಲಿ ಕಾದಂಬರಿಯಾಗಿಸಿದರು. ಫಣಿಯಮ್ಮ ತನ್ನ ಪಾಲಿನ ಸಂಕಟವನ್ನು ತುಟಿಪಿಟಕ್ಕೆನ್ನದೆ ನುಂಗಿದಳು, ಹೌದು. ಆದರೆ ಎಳೆಯ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದಾಗ, 'ನಾನು ಅನುಭವಿಸಿದ್ದೇನೆ, ನೀನೂ ಅನುಭವಿಸು' ಎನ್ನದೆ ಆ ಹುಡುಗಿಯ ಪರ ನಿಂತಳಲ್ಲ, ಅವಳ ದೊಡ್ಡತನ ಇರುವುದು ಅಲ್ಲಿ!

ನಮ್ಮ ಮನೆಯಲ್ಲೂ ಕೆಂಪು ಸೀರೆಯ ಅಜ್ಜಿಯೊಬ್ಬರಿದ್ದರು. ಕ್ಷೌರಿಕ ಹಿತ್ತಲ ಬಾಗಿಲಿಗೆ ಬಂದುಹೋದ ದಿನ ಯಾರೊಂದಿಗೂ ಮಾತನಾಡುತ್ತಿರಲಿಲ್ಲ. ನನ್ನ ತಲೆಗೆ ಮಾತ್ರ ತಾವೇ ಹರಳೆಣ್ಣೆ ತಿಕ್ಕಿ, ಬಿಗಿಯಾಗಿ ಜಡೆ ಹೆಣೆದು, ಮನೆಯವರ ಗೊಣಗಾಟಕ್ಕೆ ಕಿವಿಗೊಡದೆ ಕನಕಾಂಬರ ಮುಡಿಸುತ್ತಿದ್ದರು.