ಮೇಲಾರವೂ ಹೆಸರಿಲ್ಲದ ಸೈನಿಕನೂ

ಬದಿಯಡ್ಕದ ಆಚೆಗಿನ ಮನೆಯೊಂದರ ಉಪನಯನದ ಊಟದಲ್ಲಿ, ಮಜ್ಜಿಗೆ ಹಾಕಿ ಮಾಡುವ ಕುಂಬಳಕಾಯಿ ಮೇಲಾರ ಬಡಿಸುತ್ತ ಬಂದಾಗ, ನನ್ನ ಪಕ್ಕದ ಎಲೆಗೆ ಕುಳಿತಿದ್ದ ನೆಂಟರು ಬಡಿಸುವವನನ್ನು ತಡೆದು ನಿಲ್ಲಿಸಿ, ಎರಡನೆಯ ಸೌಟು ಹಾಕಿಸಿಕೊಂಡು, “ಭಾವಾ, ಇದುವೇ ಅಲ್ಲದೋ ನಿಜವಾದ ಪ್ರೊಬಯಾಟಿಕ್ಕು? ನಮ್ಮ ಅಜ್ಜಂದ್ರಿಂಗೆ ಇದೆಲ್ಲ ಮೊದಲೇ ಗೊಂತಿತ್ತು” ಎಂದರು. ಪ್ರೊಬಯಾಟಿಕ್ ಎಂದರೆ ದೇಹಕ್ಕೆ ಒಳಿತು ಮಾಡುವ ಜೀವಂತ ಸೂಕ್ಷ್ಮಜೀವಿ; ಮೇಲಾರವನ್ನೋ ಕುದಿಸಿಯೇ ಇಳಿಸುತ್ತಾರೆಂಬುದನ್ನು ಈ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹಾಲನ್ನು ಮೊಸರು ಮಾಡಿದ ಜೀವಿಗಳು ಆ ಕುದಿಯಲ್ಲಿ ಬದುಕಿ ಉಳಿದು, ನೆಂಟರ ಕರುಳನ್ನು ಕಾಯಲು ಬರುವುದು ಸಾಧ್ಯವಿಲ್ಲ. ಆದರೂ ನಾನು ಬಾಯಿ ಬಿಡಲಿಲ್ಲ. ಪಂಕ್ತಿಯಲ್ಲಿ ಕುಳಿತು ಅಜ್ಜಂದಿರ ವಿರುದ್ಧ ವಾದಿಸಿ ಗೆದ್ದವರನ್ನು ನಾನು ಕಂಡಿಲ್ಲ.

ನನ್ನ ತಕರಾರು ಮೇಲಾರದ ಮೇಲಲ್ಲ. ಎದುರಾಳಿ ಎಂಥವನೆಂದು ವಿಚಾರಿಸದೆಯೇ ರಕ್ಷಕನಿಗೆ ಶಾಲು ಹೊದಿಸುವ ಈ ಅವಸರವನ್ನು ಕಂಡರೆ ನನಗಾಗದು. ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾದಲ್ಲಿ ಎಳೆಯ ಮಕ್ಕಳಿಗೆ ಭೇದಿ ತರುವ ಒಂದು ಬಗೆಯನ್ನೇ ನೋಡಿ. ಅಂಟಿಕೊಳ್ಳಲು ಕರುಳಿನ ಕೋಶದ ಮೇಲೆ ಅದಕ್ಕೆ ಬೇಕಾದ ಹಿಡಿಕೆ ಇರುವುದಿಲ್ಲ. ಆದ್ದರಿಂದ ಅದು ತನ್ನದೇ ಒಂದು ಪ್ರೋಟೀನನ್ನು ಸೂಜಿಯಂಥ ಅಂಗದ ಮೂಲಕ ಕೋಶದೊಳಕ್ಕೆ ಚುಚ್ಚಿ, ಆ ಪ್ರೋಟೀನು ಕೋಶದ ಹೊರಪೊರೆಯಲ್ಲಿ ನೆಲೆಯೂರಿದ ಮೇಲೆ ಅದನ್ನೇ ಹಿಡಿದು ಕೂರುತ್ತದೆ. ಕರೆಯದೆ ಬಂದ ನೆಂಟನೊಬ್ಬ ಮಣೆಯನ್ನೂ ತಾನೇ ಹೊತ್ತು ತಂದು ನಮ್ಮ ಜಗಲಿಯಲ್ಲಿ ಹಾಕಿಕೊಂಡು ಕುಳಿತಂತೆ. ಆ ಹಿಡಿಕೆ ಕೋಶದ್ದೇ ಎಂದು ವಿಜ್ಞಾನಿಗಳೂ ನಂಬಿದ್ದರು. ಅದು ಬ್ಯಾಕ್ಟೀರಿಯಾದ ಸ್ವಂತ ಸರಕೆಂದು ವ್ಯಾಂಕೂವರಿನ ಪ್ರಯೋಗಾಲಯವೊಂದು ತೋರಿಸಿದ್ದು 1997ರಲ್ಲಿ. ರಕ್ತಭೇದಿ ತರುವ ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ ಇನ್ನೂ ಗಟ್ಟಿಗ. ಅದು ಕೋಶದೊಳಗೆ ಹೊಕ್ಕ ಮೇಲೆ ಆ ಕೋಶಕ್ಕೆ ಆಕಾರ ಕೊಡುವ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳನ್ನೇ ಬಾಲ ಮಾಡಿಕೊಂಡು, ಹೊರಗೆ ತಲೆ ಹಾಕದೆ ಪಕ್ಕದ ಕೋಶಕ್ಕೆ ನುಗ್ಗುತ್ತದೆ. ಕಾಯಿಲೆ ಹತ್ತಿಸಲು 10ರಿಂದ 100 ಶಿಗೆಲ್ಲಾಗಳು ಸಾಕು. ಇಂಥವುಗಳ ಎದುರು ಎರಡು ಸೌಟು ಮೇಲಾರ!

ಶಿಗೆಲ್ಲಾದ ಮಾತು ಬಂದ ಮೇಲೆ ಆ ಸೈನಿಕನ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಸುತ್ತಲಿನವರೆಲ್ಲ ರಕ್ತಭೇದಿಯಿಂದ ಹಾಸಿಗೆ ಹಿಡಿದಿದ್ದಾಗ ಜರ್ಮನಿಯ ಸೈನಿಕನೊಬ್ಬನಿಗೆ ಮಾತ್ರ ಏನೂ ಆಗಲಿಲ್ಲ. ಫ್ರೈಬರ್ಗ್ ನಗರದ ವೈದ್ಯ ಆಲ್ಫ್ರೆಡ್ ನಿಸ್ಲೆ 1917ರಲ್ಲಿ ಅವನ ಮಲವನ್ನು ಪರೀಕ್ಷಿಸಿ, ಅದರಿಂದ ಒಂದು ಇ. ಕೋಲಿ ತಳಿಯನ್ನು ಬೇರ್ಪಡಿಸಿದರು. ಆ ತಳಿ ನೂರು ವರ್ಷ ದಾಟಿ ಇಂದಿಗೂ ಕ್ಯಾಪ್ಸೂಲಿನಲ್ಲಿ ಮಾರಾಟವಾಗುತ್ತಿದೆ. ಅದರ ಹೆಸರು ‘ನಿಸ್ಲೆ 1917’. ವೈದ್ಯರ ಹೆಸರು ಉಳಿಯಿತು, ಇಸವಿಯೂ ಉಳಿಯಿತು. ಅಷ್ಟು ಅಮೂಲ್ಯವಾದದ್ದನ್ನು ಹೊಟ್ಟೆಯಲ್ಲಿ ಹೊತ್ತು ತಿರುಗಿದವನ ಹೆಸರು ಮಾತ್ರ ಯಾವ ಡಬ್ಬಿಯ ಮೇಲೂ ಇಲ್ಲ. ಹುಷಾರಾಗಿರುವ ತನ್ನಿಂದ ಈ ವೈದ್ಯರು ಇಂಥ ವಸ್ತುವನ್ನೇಕೆ ಬೇಡುತ್ತಿದ್ದಾರೆ ಎಂದು ಅವನು ತಬ್ಬಿಬ್ಬಾಗಿರಲೂಬಹುದು. ಅವನು ಏನು ಉಣ್ಣುತ್ತಿದ್ದ, ಅವನ ಅಜ್ಜಂದಿರಿಗೆ ಏನೇನು ಗೊತ್ತಿತ್ತು ಎಂದು ಆ ತಳಿಯನ್ನು ಹೊಗಳುವವರು ಯಾರೂ ಕೇಳುವುದಿಲ್ಲ. ನಮ್ಮ ಕಡೆಯವನಾಗಿದ್ದರೆ ಇಷ್ಟು ಹೊತ್ತಿಗೆ ಅವನ ತರವಾಡು ಮನೆಯ ಬಾವಿಯ ನೀರನ್ನೂ ಸೀಸೆಗೆ ತುಂಬಿ ಮಾರುತ್ತಿದ್ದರು.

ಆ ತಳಿ ಮಾಡುವ ಕೆಲಸವೇನೋ ನಿಜವಾದದ್ದೇ. ಪ್ರಯೋಗಾಲಯದಲ್ಲಿ ಬೆಳೆಸಿದ ಕರುಳಿನ ಕೋಶಗಳಲ್ಲಿ ಸಾಲ್ಮೊನೆಲ್ಲಾದಂಥ ರೋಗಕಾರಕ ಬ್ಯಾಕ್ಟೀರಿಯಾಗಳು ಒಳನುಗ್ಗುವುದನ್ನು ಅದು ತಗ್ಗಿಸುತ್ತದೆ. ಕೋಶ ಕೋಶಗಳ ನಡುವಿನ ಬೆಸುಗೆಯನ್ನು ಬಿಗಿಗೊಳಿಸುತ್ತದೆ. ಶತ್ರುವಿಗೆ ಬೇಕಾದ ಕಬ್ಬಿಣವನ್ನು ತಾನೇ ಮೊದಲು ದೋಚುತ್ತದೆ. ಆದರೆ ಮಕ್ಕಳಿಗೆ ಭೇದಿ ತರುವುದೂ ಇ. ಕೋಲಿ, ಈ ಕಾವಲುಗಾರನೂ ಇ. ಕೋಲಿ. ಸಾಲದ್ದಕ್ಕೆ, ಡಿಎನ್‌ಎಗೆ ಗಾಯ ಮಾಡುವ ಕೊಲಿಬ್ಯಾಕ್ಟಿನ್ ಎಂಬ ವಸ್ತುವನ್ನು ತಯಾರಿಸುವ ಜೀನುಗಳು ಈ ಸಜ್ಜನನಲ್ಲೂ ಇವೆ. ಒಂದು ತಳಿಗೆ ಸಲ್ಲುವ ಹೊಗಳಿಕೆ ಇನ್ನೊಂದಕ್ಕೆ ಸಲ್ಲದು ಎಂಬಷ್ಟನ್ನಾದರೂ ನಾವು ಒಪ್ಪಿಕೊಳ್ಳಬೇಕು.

ಮೊಸರಿನ ವಕೀಲರು ರಷ್ಯಾ ಮೂಲದ ವಿಜ್ಞಾನಿ ಮೆಚ್ನಿಕಾಫ್ ಅವರ ಹೆಸರನ್ನು ತಂದೇ ತರುತ್ತಾರೆ. ಬಲ್ಗೇರಿಯಾದ ಹಳ್ಳಿಗರ ದೀರ್ಘಾಯುಸ್ಸಿಗೆ ಅಲ್ಲಿನ ಹುಳಿ ಮೊಸರೇ ಕಾರಣವೆಂದು ಮೆಚ್ನಿಕಾಫ್ ನಂಬಿದ್ದರು ಎಂಬುದು ಸರಿ; ಆದರೆ ಅವರಿಗೆ 1908ರ ನೊಬೆಲ್ ಬಂದದ್ದು ರೋಗನಿರೋಧಕ ಶಕ್ತಿಯ ಸಂಶೋಧನೆಗೆ, ಮೊಸರಿಗಲ್ಲ. ಈ ಮಾತನ್ನು ನೆಂಟರಿಗೆ ಹೇಳಿದರೆ ಬಲ್ಗೇರಿಯಾದಲ್ಲಿಯೂ ಅಜ್ಜಂದಿರಿದ್ದರು ಎಂದಷ್ಟೇ ಅವರು ತಿಳಿದುಕೊಳ್ಳುತ್ತಾರೆ.

ಹಾಗಾದರೆ ದಿನವೂ ಮಜ್ಜಿಗೆ ಕುಡಿಯಬೇಕೋ ಬೇಡವೋ ಎಂಬುದನ್ನು ಇಲ್ಲಿಯೇ ತೀರ್ಮಾನಿಸಬೇಕೆಂದಿದ್ದೆ. ಬಾಳ್ಕು ಮೆಣಸು ಕರಿದಿದ್ದರೆ ಧಾರಾಳವಾಗಿ ಕುಡಿಯಿರಿ ಎನ್ನುವುದರ ಆಚೆಗೆ ನನ್ನಲ್ಲಿ ಹೇಳುವುದಕ್ಕೇನೂ ಇಲ್ಲ. ಅಂಗಡಿಯ ಫ್ರಿಜ್ಜಿನಿಂದ ದುಡ್ಡು ಕೊಟ್ಟು ತರುವ ಡಬ್ಬಿಯ ವಿಷಯದಲ್ಲಿ ಮಾತ್ರ ನನ್ನದೊಂದು ಹಟವಿದೆ: ‘ಪ್ರೊಬಯಾಟಿಕ್’ ಎಂದು ಎದುರಿಗೆ ದಪ್ಪಕ್ಷರದಲ್ಲಿ ಬರೆದವರು, ಒಳಗಿರುವುದು ಯಾವ ತಳಿ, ಎಷ್ಟಿದೆ ಎಂಬುದನ್ನೂ ಬರೆಯಬೇಕು. ಹಾಗೆ ಬರೆಯದ ಡಬ್ಬಿಯನ್ನು ನಾನು ತಿರುಗಿಸಿ ನೋಡಿ, ಅಂಗಡಿಯವನ ಎದುರಿಗೇ ಮರಳಿ ಇಡುತ್ತೇನೆ.